ಕಡಲಾಳದಲ್ಲಿ ಕೂಗಿದವರು ಯಾರು?

ಕಳೆದ ಬೇಸಿಗೆ ರಜೆಯಲ್ಲಿ ಸೂಡಿಯ ತವರುಮನೆಗೆ ಹೋಗಿದ್ದೆ. ಅಮ್ಮ ಎರಡು ರಾತ್ರಿಯಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಕಾರಣ, ವಾಟ್ಸಾಪಿನಲ್ಲಿ ಬಂದ ಎರಡು ಧ್ವನಿಗಳು. ಒಂದು ನೀರೊಳಗಿನಿಂದ ಗುಳುಗುಳು ಎಂದು ಮೇಲೇರುವ ದನಿ. ಕಡಲಾಳದ ಯಾವುದೋ ದೈತ್ಯ ಪ್ರಾಣಿಯದಂತೆ. ಇನ್ನೊಂದರಲ್ಲಿ ನೂರಾರು ಜನರ ಚೀರಾಟ, ನರಕವಾಸಿಗಳದಂತೆ! ಹತ್ತು ಮಂದಿಗೆ ಕಳುಹಿಸಿ ಎಂಬ ಆಜ್ಞೆ ಬೇರೆ. ಅಮ್ಮ ಪ್ರತಿ ಸಲ ಕೇಳಿದಾಗಲೂ 'ಅಸ್ತಗ್‌ಫಿರುಲ್ಲಾಹ್' ಎನ್ನುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದರು.

ಚೀರಾಟದ ವಿಷಯ ಮೊದಲು ಮುಗಿಸಿಬಿಡೋಣ. ರಷ್ಯಾದ ಕೋಲಾ ಪ್ರದೇಶದಲ್ಲಿ ವಿಜ್ಞಾನಿಗಳು 1970ರಿಂದ ಭೂಮಿಯನ್ನು ಕೊರೆಯುತ್ತಾ 1989ರಲ್ಲಿ 12,262 ಮೀಟರ್ ಆಳ ತಲುಪಿದ್ದು ನಿಜ. ಅಲ್ಲಿ ಮೈಕ್ ಇಳಿಸಿ ನರಕದ ಕೂಗು ಕೇಳಿದರೆಂಬುದು ಕಟ್ಟುಕಥೆ. ಆ 'ಕೂಗು' ಹಳೆಯದೊಂದು ಭಯಾನಕ ಚಲನಚಿತ್ರದ ಧ್ವನಿಯನ್ನು ತಿರುಚಿ ಮಾಡಿದ್ದು. ನರಕದ ಬಗ್ಗೆ ನಮ್ಮ ನಂಬಿಕೆ ಕುರ್‌ಆನಿನಿಂದ ಬಂದದ್ದು. ಅದಕ್ಕೆ ಸಿನಿಮಾದ ಸಾಕ್ಷಿ ಬೇಕೇ? ಸುದ್ದಿ ಬಂದಾಗ ಪರಿಶೀಲಿಸಿರೆಂದು ಸೂರಃ ಅಲ್ ಹುಜುರಾತ್ ಆದೇಶಿಸಿರುವುದನ್ನು ನಾವು ಮೊಬೈಲ್ ಕೈಗೆತ್ತಿಕೊಂಡ ಕ್ಷಣ ಮರೆಯುತ್ತೇವೆ.

ಗುಳುಗುಳು ದನಿ ಮಾತ್ರ ಅಸಲಿ. ಅಮೇರಿಕದ ಸಾಗರ ಸಂಸ್ಥೆ 'ನೋವಾ' ಕಡಲಡಿಯ ಭೂಕಂಪ, ಜ್ವಾಲಾಮುಖಿಗಳನ್ನು ಆಲಿಸಲು ಪೆಸಿಫಿಕ್ ಸಾಗರದಲ್ಲಿ ಹೈಡ್ರೋಫೋನ್ ಎಂಬ ನೀರೊಳಗಿನ ಮೈಕುಗಳನ್ನು ಇಳಿಸಿತ್ತು. 1997ರಲ್ಲಿ ಅವುಗಳಲ್ಲಿ ಈ ಸದ್ದು ದಾಖಲಾಯಿತು. 'ಬ್ಲೂಪ್' ಎಂದು ಹೆಸರಿಟ್ಟರು. ಸುಮಾರು 5,000 ಕಿ.ಮೀ. ದೂರದ ಮೈಕುಗಳಿಗೂ ಅದು ಕೇಳಿಸಿತ್ತು. ಅಂದಹಾಗೆ, ನಾವು ಕೇಳುವುದು ಅದನ್ನು ಹದಿನಾರು ಪಟ್ಟು ವೇಗಗೊಳಿಸಿದ ರೂಪ. ಅಸಲು ಸದ್ದು ಬಹಳ ತಗ್ಗಿನ ಗುಡುಗು. ಪ್ರಾಣಿಯ ದನಿಯಂತೆ ಅನಿಸುವುದಕ್ಕೆ ಈ ವೇಗವೂ ಒಂದು ಕಾರಣವಿರಬೇಕು.

ಅಷ್ಟು ದೂರ ಕೇಳಿಸುವುದು ಹೇಗೆ? ಚಿಕ್ಕವರಿದ್ದಾಗ ನಾವು ಸೂಡಿಯ ನಾಗಕುಂಡದ ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದೆವು. ಚಾಲುಕ್ಯರ ಕಾಲದ ಆ ಕಲ್ಲುಗೋಡೆಗಳು ನಮ್ಮ ಹೆಸರನ್ನು ನಮಗೇ ಮರಳಿಸುತ್ತಿದ್ದವು. ಸಾಗರದಲ್ಲಿ ಗೋಡೆಯಿಲ್ಲ, ಆದರೆ ಅದರಂತೆಯೇ ಕೆಲಸ ಮಾಡುವ ವ್ಯವಸ್ಥೆಯಿದೆ. ಕೆಳಗಿಳಿದಂತೆ ನೀರು ತಣ್ಣಗಾಗಿ ಶಬ್ದದ ವೇಗ ತಗ್ಗುತ್ತದೆ. ಇನ್ನೂ ಕೆಳಗೆ ಒತ್ತಡ ಹೆಚ್ಚಿ ವೇಗ ಮತ್ತೆ ಏರುತ್ತದೆ. ನಡುವೆ, ಅನೇಕ ಸಾಗರಗಳಲ್ಲಿ ಸುಮಾರು ಒಂದು ಕಿ.ಮೀ. ಆಳದಲ್ಲಿ, ಒಂದು ಪದರವಿದೆ. ಅದರಿಂದ ಮೇಲಕ್ಕೋ ಕೆಳಕ್ಕೋ ಹೊರಟ ಶಬ್ದ ಬಾಗಿ ಅಲ್ಲಿಗೇ ಮರಳುತ್ತದೆ, ಚದುರದೆ ಸಾವಿರಾರು ಕಿ.ಮೀ. ಸಾಗುತ್ತದೆ. ನೀರಿನಲ್ಲಿ ಶಬ್ದದ ವೇಗವೂ ಸೆಕೆಂಡಿಗೆ ಸುಮಾರು 1,500 ಮೀಟರ್. ಗಾಳಿಯಲ್ಲಿ 340 ಮಾತ್ರ. ಸೂಡಿಯಿಂದ ಕಡಲು ನೇರ ಅಳೆದರೂ 200 ಕಿ.ಮೀ. ಅಷ್ಟು ದೂರವನ್ನು ಗಾಳಿಯಲ್ಲಿ ಶಬ್ದ ದಾಟಲು ಹತ್ತು ನಿಮಿಷ ಬೇಕು, ನೀರಿನಲ್ಲಿ ಎರಡೂಕಾಲು ನಿಮಿಷ ಸಾಕು.

ಬ್ಲೂಪ್ ಪ್ರಾಣಿಯದಲ್ಲ. ಮುಂದೆ ಅಂಟಾರ್ಕ್ಟಿಕಾದ ಬಳಿ ಮೈಕುಗಳನ್ನಿಳಿಸಿ ಆಲಿಸಿದಾಗ, ಬೃಹತ್ ಹಿಮಗಡ್ಡೆಗಳು ಬಿರುಕುಬಿಟ್ಟು ಒಡೆಯುವ ಸದ್ದು ಇದಕ್ಕೆ ಹೊಂದಿಕೆಯಾಯಿತು. 1999ರ 'ಜೂಲಿಯಾ' ಎಂಬ ಸದ್ದಂತೂ ಹಿಮಗಡ್ಡೆಯೊಂದು ತಳಕ್ಕೆ ತಾಗಿ ನಿಂತದ್ದರಿಂದ ಬಂದಿರಬೇಕೆಂದು ನೋವಾ ಹೇಳುತ್ತದೆ.

ಹಾಗೆಂದು ಎಲ್ಲವೂ ಮಂಜುಗಡ್ಡೆಯದಲ್ಲ. 2014ರಲ್ಲಿ ಮರಿಯಾನಾ ಕಂದಕದ ಬಳಿ ಸಿಕ್ಕ ಲೋಹದ ತಂತಿ ಮೀಟಿದಂತಹ ಸದ್ದು ಬ್ರೈಡ್ಸ್ ತಿಮಿಂಗಿಲದ್ದೆಂದು ತಿಳಿದದ್ದು 2024ರಲ್ಲಿ. ನಮ್ಮ ಹಿಂದೂ ಮಹಾಸಾಗರದಲ್ಲಿ ಇನ್ನೂ ಸೋಜಿಗದ ಘಟನೆ ನಡೆಯಿತು. ಗುಟ್ಟಾಗಿ ಅಣುಬಾಂಬ್ ಪರೀಕ್ಷೆ ನಡೆಸುವವರನ್ನು ಹಿಡಿಯಲು ಇಟ್ಟ ಮೈಕುಗಳಲ್ಲಿ, ಅದುವರೆಗೆ ಗುರುತಿಸದಿದ್ದ ನೀಲಿ ತಿಮಿಂಗಿಲಗಳ ಗುಂಪೊಂದರ ಹಾಡು ವರ್ಷಗಳಿಂದ ದಾಖಲಾಗುತ್ತಿತ್ತು! ವಿಜ್ಞಾನಿಗಳು ಅದನ್ನು 2021ರಲ್ಲಿ ಪ್ರಕಟಿಸಿದರು. ನಮ್ಮ ಲಕ್ಷದ್ವೀಪದ ಬಳಿಯೂ ನೀಲಿ ತಿಮಿಂಗಿಲಗಳ ಹಾಡು ದಾಖಲಾಗಿದೆ.

ಇಷ್ಟನ್ನೂ ಕೇಳಿ ಅಮ್ಮ, "ಹಾಗಾದರೆ ಯೂನುಸ್(ಅ)ರು ಮೀನಿನ ಹೊಟ್ಟೆಯಲ್ಲಿ ಕತ್ತಲಲ್ಲಿ ದುಆ ಮಾಡುತ್ತಿದ್ದಾಗ ಸುತ್ತ ಇಷ್ಟೆಲ್ಲ ಸದ್ದಿತ್ತೇ?" ಎಂದು ಕೇಳಿದರು. ನಾನು ಹಾಗೆ ಯೋಚಿಸಿರಲೇ ಇಲ್ಲ.

"ಎಲ್ಲ ಸದ್ದಿಗೂ ಕಾರಣ ಸಿಕ್ಕಿದೆಯಾ?" ಎಂದಳು ಅಣ್ಣನ ಮಗಳು. ಇಲ್ಲ. 'ಅಪ್‌ಸ್ವೀಪ್' ಎಂಬ, ಸೈರನ್ನಿನಂತೆ ಮತ್ತೆ ಮತ್ತೆ ಮೇಲೇರುವ ಸದ್ದು ದಕ್ಷಿಣ ಪೆಸಿಫಿಕ್‌ನಿಂದ ಬರುವುದು 1991ರಲ್ಲೇ ಪತ್ತೆಯಾಯಿತು. ಕಡಲಡಿಯ ಜ್ವಾಲಾಮುಖಿಯ ಅನುಮಾನವಿದೆ, ಖಚಿತವಾಗಿಲ್ಲ. ಅಮ್ಮ ಆ ಧ್ವನಿಯನ್ನೂ ಹಾಕಿಸಿ ಕೇಳಿದರು. ಚೀರಾಟದ್ದನ್ನು ಅಳಿಸಲು ಹೇಳಿ, ಇಶಾ ನಮಾಝಿಗೆ ವುಝೂ ಮಾಡಲು ಎದ್ದರು.