ಮಾಫಿಯ ಭಾರ ಯಾರ ಹೆಗಲಿಗೆ?

ರೋಣ, ಗಜೇಂದ್ರಗಡಗಳ ನೆರೆಯಲ್ಲಿರುವ ಸೂಡಿ ಇಂದು ಒಂದು ಸಣ್ಣ ಊರು. ಜೋಡು ಕಳಸದ ಗುಡಿಯನ್ನೂ ನಾಗಕುಂಡದ ಕಲ್ಲುಕೆಲಸವನ್ನೂ ನೋಡಬರುವ ಕೆಲವರನ್ನುಳಿದರೆ ಹೊರಗಿನವರ ಸುಳಿದಾಟ ಅಲ್ಲಿ ಕಡಮೆ. ಆದರೆ ಹನ್ನೊಂದನೆಯ ಶತಮಾನದಲ್ಲಿ ಅದು ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣ. ಕಲ್ಯಾಣದ ಚಾಲುಕ್ಯ ಮನೆತನದ ಅಕ್ಕಾದೇವಿಯು ಆಳಿದ ನಾಡು. ಆ ಕಾಲದ ದಾನಶಾಸನಗಳ ರೀತಿಯನ್ನು ಇಂದಿನವರೂ ಗಮನಿಸತಕ್ಕದ್ದುಂಟು. ದೇವರಿಗೆ ಭೂಮಿ ಬಿಟ್ಟರೆ ಎಷ್ಟು ಮತ್ತರು, ಯಾವ ದಿಕ್ಕಿಗೆ ಯಾವ ಎಲ್ಲೆ, ಯಾರ ಸಮಕ್ಷಮದಲ್ಲಿ ಕೊಟ್ಟದ್ದು, ಯಾವ ಕಾರ್ಯಕ್ಕಾಗಿ ಕೊಟ್ಟದ್ದು ಎಂಬುದನ್ನೆಲ್ಲ ಕಲ್ಲಿನಲ್ಲಿ ಕೊರೆಯಿಸುತ್ತಿದ್ದರು. ಗುಡಿಯ ಜೀರ್ಣೋದ್ಧಾರ, ತಪೋಧನರ ಊಟ, ಓದುವ ಮಕ್ಕಳ ಅನ್ನವಸ್ತ್ರ: ಹೀಗೆ ದಾನದ ಉದ್ದೇಶಗಳು ಬಿಡಿಬಿಡಿಯಾಗಿ ಬರುತ್ತವೆ. ತೆರಿಗೆಯಿಂದ ಪೂರ್ಣವಾಗಿ ಬಿಟ್ಟುಕೊಟ್ಟ ಭೂಮಿಗೆ ಸರ್ವನಮಸ್ಯವೆಂದು ಹೆಸರು. ಕೊನೆಗೆ, ಈ ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವೆಂಬ ಶಾಪ.

ಈ ಕಲ್ಲುಗಳಿಗೆ ಒಂದು ದೊಡ್ಡ ಗುಣವಿತ್ತು. ಅವು ನಾಲ್ಕು ಜನ ತಿರುಗಾಡುವ ಸ್ಥಳದಲ್ಲಿ ನಿಂತಿದ್ದುವು. ತನ್ನ ಹೊಲಕ್ಕೆ ತೆರಿಗೆ ತೆರುವ ಒಕ್ಕಲಿಗನು ನೆರೆಯ ದೇವರ ಹೊಲಕ್ಕೆ ತೆರಿಗೆಯೇಕಿಲ್ಲವೆಂಬುದನ್ನು, ತನಗೆ ಓದಲು ಬಾರದಿದ್ದರೂ, ಬಲ್ಲವರಿಂದ ಓದಿಸಿ ಕೇಳಬಹುದಾಗಿತ್ತು. ಇಂದು ಮಾಫಿ ಬೇಡುವ ಕ್ರಮ ಬೇರೆ. ಯಾವುದೋ ಆಶ್ರಮದ ಮುಖಂಡರು ಹಾರ, ಶಾಲು, ಹಣ್ಣಿನ ಬುಟ್ಟಿಗಳೊಡನೆ ಶಾಸಕರ ಮನೆಯ ಮೆಟ್ಟಿಲೇರುತ್ತಾರೆ. ಕುಶಲಪ್ರಶ್ನೆಯಾಗುತ್ತದೆ, ಚಹಾ ಬರುತ್ತದೆ, ಮಂತ್ರಿಗಳಿಗೊಂದು ಶಿಫಾರಸು ಪತ್ರ ಸಿದ್ಧವಾಗುತ್ತದೆ. ಅನೇಕ ವೇಳೆ ಆ ಪತ್ರದಲ್ಲಿ ಭಕ್ತರ ಸಂಖ್ಯೆ ಇರುತ್ತದೆ, ಜಮಾಖರ್ಚಿನ ಲೆಕ್ಕವಿರುವುದಿಲ್ಲ. ಭಕ್ತರೆಂದರೆ ಮತದಾರರು ಎಂಬುದನ್ನು ಶಾಸಕರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಸೀಮೆಗೆ ಕರವಿನಾಯಿತಿಯ ಮಾತು ಹೊಸದಲ್ಲ. ಕಂಪನಿ ಸರಕಾರವು 1852ರ ಹನ್ನೊಂದನೆಯ ಕಾಯದೆಯ ಮೂಲಕ ಮುಂಬಯಿ ಇಲಾಖೆಯಲ್ಲಿ ಇನಾಂ ಕಮಿಷನ್ನಿಗೆ ಬಲ ಕೊಟ್ಟಿತು. ಸಾರಾ ಇಲ್ಲದೆ ಅನುಭವಿಸುತ್ತಿದ್ದ ಭೂಮಿಗಳ ಸನದುಗಳನ್ನು ತೋರಿಸೆಂದು ಕಮಿಷನ್ನಿನ ಅಧಿಕಾರಿಗಳು ಊರೂರಿಗೆ ಕೇಳಿದರು. ಗೆದ್ದಲು ತಿಂದ ಕಾಗದ, ಮಳೆಯಲ್ಲಿ ಅಳಿಸಿದ ಮುದ್ರೆ, ಅಜ್ಜನ ಬಾಯಿಮಾತು ಇವಾವುವೂ ಅಲ್ಲಿ ನಡೆಯಲಿಲ್ಲ. ಮುಂಬಯಿ ಇಲಾಖೆಯಲ್ಲಿ ಸುಮಾರು 20,000 ಇನಾಮುಗಳು ಹೀಗೆ ಹೋದುವೆಂದು ಇತಿಹಾಸಗ್ರಂಥಗಳು ಹೇಳುತ್ತವೆ. ಆದರೂ ಶಾಶ್ವತತೆಯ ವಿಷಯದಲ್ಲಿ ಸಂದೇಹವಿಲ್ಲದ ಗುಡಿ, ಮಸೀದಿ ಮೊದಲಾದ ಸಂಸ್ಥೆಗಳ ಭೂಮಿಯನ್ನು ಮುಂದುವರಿಸತಕ್ಕದ್ದೆಂದು ಅದೇ ಕಾಯದೆಯ ನಿಯಮಗಳು ವಿಧಿಸಿದ್ದುವು. ಪರದೇಶದ ವ್ಯಾಪಾರಿ ಸರಕಾರಕ್ಕೂ ದೇವರ ಹೊಲವನ್ನು ಮುಟ್ಟುವಾಗ ಕೈ ನಡುಗಿತು.

1858ರ ಮೇ ತಿಂಗಳ ಕೊನೆಯಲ್ಲಿ ನರಗುಂದದ ಬಾಬಾಸಾಹೇಬ ಭಾವೆಯು ದಂಗೆಯೆದ್ದುದಕ್ಕೆ ದತ್ತಕದ ಅನುಮತಿ ದೊರೆಯದುದೇ ಮುಖ್ಯ ಕಾರಣವೆಂಬುದು ಸರ್ವವಿದಿತ. ಸುರೇಬಾನದಲ್ಲಿ ಆತನ ಕಡೆಯವರಿಂದ ಹತನಾದ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ನನು ಅದಕ್ಕೆ ಮೊದಲು ಇನಾಂ ಕಮಿಷನ್ನಿನ ಅಧಿಕಾರಿಯಾಗಿದ್ದನೆಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. ಜನರ ಸಿಟ್ಟಿಗೆ ಅದೂ ಒಂದು ಕಾರಣವಾಗಿತ್ತು. ಅದೇ ವರ್ಷದ ಜೂನಿನಲ್ಲಿ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಕೊಟ್ಟ ವಿನಾಯಿತಿಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಎಷ್ಟು ಕಠಿನವೆಂಬುದಕ್ಕೆ ಈ ನಾಡಿಗೆ ಬೇರೆ ಪಾಠ ಬೇಕಾಗಿಲ್ಲ. ಆದುದರಿಂದಲೇ ಕೊಡುವಾಗ ಯೋಚಿಸಬೇಕು.

ಸ್ವಾತಂತ್ರ್ಯ ಬಂದಮೇಲೆ ಮುಂಬಯಿ ಸರಕಾರವು 1952ರ ಕಾಯದೆಯ ಮೂಲಕ ಖಾಸಗಿ ಇನಾಮುಗಳನ್ನು ರದ್ದುಗೊಳಿಸಿತು. ದೇವಸ್ಥಾನದ ಇನಾಮುಗಳನ್ನು ಆ ಕಾಯದೆಯಿಂದ ಹೊರಗಿಟ್ಟಿತು. 1950ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯದೆಯ ಪ್ರಕಾರ ಧಾರವಾಡ ಜಿಲ್ಲೆಯ ಗುಡಿಗಳೂ ಲೆಕ್ಕಪತ್ರ ಇಡಬೇಕಾಯಿತು, ಆಡಳಿತದ ವೆಚ್ಚಕ್ಕೆ ವಂತಿಗೆ ಕೊಡಬೇಕಾಯಿತು. ರೋಣ, ನರಗುಂದ, ಗಜೇಂದ್ರಗಡಗಳು ಆಗ ಆ ಜಿಲ್ಲೆಗೇ ಸೇರಿದ್ದುವು. ಆ ಕಾಲಕ್ಕೆ ದಕ್ಷಿಣ ಕನ್ನಡವು ಮದರಾಸಿಗೆ ಸೇರಿದ್ದಿತು. ಅಲ್ಲಿ 1951ರ ಕಾಯದೆಯು ಆದಾಯದ ನೂರಕ್ಕೆ 5ರವರೆಗೆ ವಂತಿಗೆ ಕೇಳಿತು. ಎರಡೂ ಪ್ರಕರಣಗಳು ಸುಪ್ರೀಂ ಕೋರ್ಟಿಗೆ ಹೋದುವು. 1954ರ ಮಾರ್ಚಿ ತಿಂಗಳ ಒಂದೇ ವಾರದಲ್ಲಿ ಎರಡು ತೀರ್ಪುಗಳು ಬಂದುವು. ಉಡುಪಿಯ ಶೀರೂರು ಮಠದ ಪ್ರಕರಣದಲ್ಲಿ ಮದರಾಸಿನ ವಂತಿಗೆ ಬಿದ್ದುಹೋಯಿತು. ಅದು ಸರಕಾರದ ಸಾಮಾನ್ಯ ಬೊಕ್ಕಸಕ್ಕೆ ಹೋಗುತ್ತಿದ್ದುದರಿಂದ ತೆರಿಗೆಯೆನಿಸಿಕೊಂಡಿತು. ಮುಂಬಯಿಯ ವಂತಿಗೆ ಮಾತ್ರ ನಿಂತಿತು. ಅದು ನ್ಯಾಸಗಳ ಮೇಲ್ವಿಚಾರಣೆಯೆಂಬ ಕೆಲಸಕ್ಕಾಗಿಯೇ ಬೇರೆಯಾಗಿ ಇಟ್ಟ ನಿಧಿ, ಆದುದರಿಂದ ಶುಲ್ಕವೆಂದು ನ್ಯಾಯಾಲಯ ಹೇಳಿತು. ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ನೋಡಿಯೇ ನ್ಯಾಯವನ್ನು ತೂಗಿದ ಬಗೆ ಅದು.

ಶಾಸಕರೂ ಅದೇ ತಕ್ಕಡಿಯನ್ನು ಹಿಡಿಯಬಾರದೆ? ಒಂದು ಪಂಥದ ದೇವರು ನಿಜವೋ, ಗುರು ಸಿದ್ಧಪುರುಷನೋ ಎಂಬುದನ್ನು ನಿರ್ಣಯಿಸುವ ಅಧಿಕಾರ ಸರಕಾರಕ್ಕಿಲ್ಲ, ಇರಲೂ ಕೂಡದು. ಒಬ್ಬರಿಗೆ ಪೂಜ್ಯವಾದುದು ಮತ್ತೊಬ್ಬರಿಗೆ ವಿವಾದಾಸ್ಪದ. ಆದರೆ ಹಣದ ಲೆಕ್ಕಕ್ಕೆ ಜಾತಿಯಿಲ್ಲ, ಮತವಿಲ್ಲ. 1961ರ ಆದಾಯಕರ ಕಾಯದೆಯು ಧಾರ್ಮಿಕ ನ್ಯಾಸಗಳಿಗೆ ವಿನಾಯಿತಿ ಕೊಟ್ಟಾಗಲೂ ಆದಾಯದ ಬಹುಭಾಗವನ್ನು ಉದ್ದೇಶಕ್ಕೇ ಬಳಸಬೇಕೆಂಬ ಶರತ್ತನ್ನಿಟ್ಟಿತು; ಆ ಪ್ರಮಾಣ ಮುಂದೆ ನೂರಕ್ಕೆ 85ಕ್ಕೆ ಬಂದು ನಿಂತಿತು. ಅದರದೇ ಇನ್ನೊಂದು ಕಲಮಿನ ಪ್ರಕಾರ, ಕೇಂದ್ರ ಸರಕಾರವು ಅಧಿಸೂಚನೆಯಲ್ಲಿ ಹೆಸರಿಸಿದ ಪ್ರಸಿದ್ಧ ಪೂಜಾಸ್ಥಾನಗಳ ಜೀರ್ಣೋದ್ಧಾರಕ್ಕೆ ಕೊಟ್ಟ ದಾನಕ್ಕೂ ರಿಯಾಯಿತಿ ದೊರೆಯಿತು. ಯಾವುದು ಪ್ರಸಿದ್ಧ? ಶಿಫಾರಸಿನ ಗಾಳಿ ನುಗ್ಗುವುದು ಇಂಥ ಪದಗಳ ಸಂದಿಯಲ್ಲಿಯೇ.

ಹೊರದೇಶಗಳಲ್ಲಿಯೂ ಈ ಕಥೆ ಬೇರೆಯಲ್ಲ. ಅಮೆರಿಕದ ಸೈಂಟಾಲಜಿ ಎಂಬ ಪಂಥದ ವಿನಾಯಿತಿಯನ್ನು ಅಲ್ಲಿಯ ಕಂದಾಯ ಇಲಾಖೆ 1967ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಸಂಸ್ಥೆಯೂ ಅದರ ಸದಸ್ಯರೂ ವರ್ಷಗಟ್ಟಲೆ ದಾವೆಗಳ ಸುರಿಮಳೆ ಸುರಿಸಿದರು. 1989ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಬೋಧನೆಗೆ ಪ್ರತಿಯಾಗಿ ಗೊತ್ತುಮಾಡಿದ ದರದಲ್ಲಿ ಸದಸ್ಯರು ಕೊಟ್ಟ ಹಣ ದಾನವಾಗದೆಂದು ಹೇಳಿತು. ಇಷ್ಟಾದರೂ 1993ರ ಅಕ್ಟೋಬರಿನಲ್ಲಿ ಇಲಾಖೆ ಒಪ್ಪಂದ ಮಾಡಿಕೊಂಡು ವಿನಾಯಿತಿಯನ್ನು ಮರಳಿ ಕೊಟ್ಟಿತು. ಒಪ್ಪಂದದ ಕರಾರುಗಳನ್ನು ಇಲಾಖೆ ಗುಟ್ಟಾಗಿಟ್ಟಿತು. ಅವು ಕೆಲವು ವರ್ಷಗಳ ಮೇಲೆ ಪತ್ರಿಕೆಗಳಲ್ಲಿ ಬಯಲಾದುವು. ಸಾಮಾನ್ಯ ತೆರಿಗೆದಾರನಿಗೆ ಉಳಿದ ಪ್ರಶ್ನೆ ಒಂದೇ: ತನ್ನ ಹೆಸರಿನಲ್ಲಿ ನಡೆದ ರಾಜಿಯನ್ನು ತನಗೇ ಏಕೆ ತಿಳಿಸಲಿಲ್ಲ?

ಈಗ ನರಗುಂದಕ್ಕೆ ಮರಳಬೇಕು. ಮಲಪ್ರಭೆಯ ನೀರಾವರಿ ಯೋಜನೆ ಬಂದಾಗ ಎರೆಮಣ್ಣಿನ ರೈತರು ಹಿಗ್ಗಿದ್ದರು. ಆಮೇಲೆ ಕಾಲುವೆಯ ನೀರು ಸರಿಯಾಗಿ ತಲಪದ ಹೊಲಗಳಿಗೂ ಅಭಿವೃದ್ಧಿ ಕರದ ನೋಟೀಸು ತಲಪಿತು. ಅದನ್ನು ಬಿಡಬೇಕೆಂದು ಅವರು ಮನವಿ ಬರೆದರು, ಸಭೆ ಕೂಡಿದರು, ಕಚೇರಿಯ ಮುಂದೆ ಕುಳಿತರು. 1980ರ ಜುಲೈ 21ರಂದು ನರಗುಂದದಲ್ಲಿಯೂ ನವಲಗುಂದ ತಾಲೂಕಿನಲ್ಲಿಯೂ ಗೋಲೀಬಾರಾಯಿತು. ರೈತರು ಸತ್ತರು, ಕೆರಳಿದ ಜನರ ಕೈಯಲ್ಲಿ ಪೋಲೀಸರೂ ಪ್ರಾಣ ಕಳೆದುಕೊಂಡರು. ಅಷ್ಟಾದ ಮೇಲೆ ಸರಕಾರ ರಿಯಾಯಿತಿಗಳನ್ನು ಘೋಷಿಸಿತು. ಇಂದಿಗೂ ಪ್ರತಿವರ್ಷ ಆ ದಿನ ನರಗುಂದದಲ್ಲಿ ಹುತಾತ್ಮ ರೈತರಿಗೆ ಜನ ಹೂವೇರಿಸುತ್ತಾರೆ.

ಒಬ್ಬರಿಗೆ ಮಾಫಿ ಹಣ್ಣಿನ ಬುಟ್ಟಿಯಿಂದ, ಇನ್ನೊಬ್ಬರಿಗೆ ಗುಂಡಿನೇಟಿನಿಂದ! ಇದನ್ನು ವಿಧಿಯೆಂದು ಸುಮ್ಮನಿರುವುದು ನ್ಯಾಯವಲ್ಲ. ಬೊಕ್ಕಸದ ವೆಚ್ಚವಂತೂ ನಿಲ್ಲುವುದಿಲ್ಲ. ಒಂದು ಸಂಸ್ಥೆ ಕೊಡದೆ ಉಳಿಸಿಕೊಂಡ ರೂಪಾಯಿಯನ್ನು ಬೇರೆ ಯಾರೋ ತುಂಬಿಕೊಡಬೇಕು. ಸಂತೆಯಲ್ಲಿ ಎಣ್ಣೆ, ಸೀರೆ ಕೊಳ್ಳುವ ಹೆಂಗಸೂ ಅದರಲ್ಲಿ ತನ್ನ ಪಾಲನ್ನು ಕೊಡುತ್ತಾಳೆ. ವಿನಾಯಿತಿಯ ಆಜ್ಞೆಗೆ ಸಹಿ ಮಾಡುವವನು ಮಂತ್ರಿ, ನಿಜವಾದ ದಾನಿ ಈ ಹೆಂಗಸು. ದಾನಿಗೆ ದಾನದ ವಿವರ ತಿಳಿಯದಿರುವುದು ಯಾವ ಧರ್ಮ?

ಹಾಗೆಂದು ಎಲ್ಲ ಸಂಸ್ಥೆಗಳನ್ನೂ ಒಂದೇ ಕಣ್ಣಿನಿಂದ ನೋಡುವುದು ಕೃತಘ್ನತೆಯಾದೀತು. ಮಠಗಳ ಪ್ರಸಾದನಿಲಯದಲ್ಲಿ ಉಂಡು ಓದಿದವರು ಈ ನಾಡಿನ ತುಂಬ ಇದ್ದಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಅಂಧ ಬಾಲಕರಿಗೆ ಅನ್ನದ ಜೊತೆಗೆ ಸಂಗೀತವಿದ್ಯೆಯನ್ನೂ ಕೊಟ್ಟರು. ಅಂಥ ಸ್ಥಳಕ್ಕೆ ಕರ ಬಿಟ್ಟರೆ ಯಾವ ರೈತನೂ ಗೊಣಗುವುದಿಲ್ಲ. ತಾನೇ ಒಂದು ಚೀಲ ಜೋಳ ಕಳಿಸಿಕೊಡುತ್ತಾನೆ. ಅಲ್ಲಿ ಮಾಡುವ ಕೆಲಸ ಅವನ ಕಣ್ಣಿಗೆ ಕಾಣುತ್ತದೆ. ಕಾಣದೆ ಇರುವಲ್ಲಿ ಮಾತ್ರ ಸಂಶಯ ಹುಟ್ಟುತ್ತದೆ. ಸಂಶಯವು ಒಳ್ಳೆಯ ಸಂಸ್ಥೆಯ ಹೆಸರಿಗೂ ಮಸಿ ಬಳಿಯುತ್ತದೆ.

ಕರ್ನಾಟಕದ 1997ರ ಧಾರ್ಮಿಕ ಸಂಸ್ಥೆಗಳ ಕಾಯದೆಯು ಗುಡಿಗಳನ್ನು ಒಳಗೆ ತಂದು ಮಠಗಳನ್ನು ಹೊರಗಿಟ್ಟಿತು. ಈ ಭೇದವೂ ಚರ್ಚೆಗೆ ಬಂದು 2006ರಲ್ಲಿ ಹೈಕೋರ್ಟು ಕಾಯದೆಯನ್ನು ಹೊಡೆದುಹಾಕಿತು. ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆಯಿತ್ತಿತು. 2024ರ ಫೆಬ್ರುವರಿಯಲ್ಲಿ, ವರ್ಷಕ್ಕೆ ಒಂದು ಕೋಟಿ ಮೀರಿ ಆದಾಯವಿರುವ ಗುಡಿಗಳಿಂದ ನೂರಕ್ಕೆ 10ರಂತೆ, 10 ಲಕ್ಷದಿಂದ ಒಂದು ಕೋಟಿಯವರೆಗಿನವುಗಳಿಂದ ನೂರಕ್ಕೆ 5ರಂತೆ ಸಾಮಾನ್ಯ ನಿಧಿಗೆ ಪಡೆಯಬೇಕೆಂಬ ತಿದ್ದುಪಡಿ ವಿಧಾನಸಭೆಯಲ್ಲಿ ಅಂಗೀಕೃತವಾಗಿ ವಿಧಾನ ಪರಿಷತ್ತಿನಲ್ಲಿ ಬಿದ್ದಿತು. ಸಭೆ ಅದನ್ನು ಮತ್ತೆ ಅಂಗೀಕರಿಸಿತು. ಆ ವಾದದಲ್ಲಿ ಎರಡು ಪಕ್ಷಗಳ ಕೂಗೂ ಕೇಳಿಸಿತು. ಹಳ್ಳಿಯ ಗುಡಿಯ ದೀಪಕ್ಕೆ ಎಣ್ಣೆ ಸಾಲದೆ ಪರದಾಡುವ ಬಡ ಪೂಜಾರಿಯ ದನಿ ಆ ಗದ್ದಲದಲ್ಲಿ ಅಡಗಿಹೋಯಿತು.

ಮನವಿ ಹಿಡಿದು ಬರುವುದು ತಪ್ಪೇನಲ್ಲ. ಪ್ರಜಾಪ್ರಭುತ್ವದಲ್ಲಿ ಅದು ಎಲ್ಲರ ಹಕ್ಕು. ಆದರೆ ಮನವಿ ಬಂದಾಗ ಶಾಸಕರು ಮೂರು ಮಾತು ಕೇಳಲಿ. ಕಳೆದ ವರ್ಷದ ಜಮಾಖರ್ಚು ಎಲ್ಲಿದೆ? ಈ ವಿನಾಯಿತಿಯಿಂದ ಭಕ್ತರಲ್ಲದವರಿಗೂ ಆಗುವ ಉಪಯೋಗವೇನು? ಇದೇ ಸವಲತ್ತನ್ನು ಇಂಥದೇ ಕೆಲಸ ಮಾಡುವ ಬೇರೆ ಮತದ ಸಂಸ್ಥೆ ಕೇಳಿದರೆ ಕೊಡಬಹುದೆ? ಮೂರಕ್ಕೂ ನೆಟ್ಟಗೆ ಉತ್ತರ ಬಂದರೆ ಶಿಫಾರಸು ಬರೆಯಲಿ. ಬರೆದ ಪತ್ರವನ್ನು ತಾಲೂಕು ಕಚೇರಿಯ ಫಲಕದ ಮೇಲೆ ಅಂಟಿಸಲಿ. ಸಂಸ್ಥೆಯವರು ತಮ್ಮ ವಾರ್ಷಿಕ ಲೆಕ್ಕವನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ತಮ್ಮದೇ ಬಾಗಿಲ ಗೋಡೆಯ ಮೇಲೆ ಬರೆಯಿಸಲಿ.

ಇದೇನೂ ಹೊಸ ಯೋಚನೆಯಲ್ಲ. ಅಕ್ಕಾದೇವಿಯ ಕಾಲದವರಿಗೆ ಇದು ತಿಳಿದಿತ್ತು. ಅವರು ಕಲ್ಲು ನೆಟ್ಟರು.