ಕುಳಿತ ಹಕ್ಕಿಯನ್ನು ಎಬ್ಬಿಸಬೇಡಿ

ಕೆರೆಯ ದಂಡೆಯಲ್ಲಿ ಬೆಳ್ಳಕ್ಕಿಗಳ ಹಿಂಡು ಕುಳಿತಿದ್ದರೆ ನಿಮಗೆ ಏನು ಮಾಡಬೇಕೆನಿಸುತ್ತದೆ? ಒಂದು ಕಲ್ಲು ಎಸೆದು ಅವೆಲ್ಲ ಒಮ್ಮೆಲೇ ಮೇಲೇಳುವುದನ್ನು ನೋಡಬೇಕು ಎನಿಸುತ್ತದೆ, ಅಲ್ಲವೇ? ಚಿಕ್ಕವನಿದ್ದಾಗ ನಾನೂ ಹಾಗೆ ಮಾಡಿದ್ದೇನೆ. ಅದು ಎಂಥ ತಪ್ಪು ಎಂಬುದು ನನಗೆ ಮನವರಿಕೆಯಾದದ್ದು ಕಡಲ ತೀರದಲ್ಲಿ ಕಳೆದ ಎರಡು ದಿನಗಳಲ್ಲಿ.

ಜನವರಿಯ ಒಂದು ಶನಿವಾರ ನಾವು ಕೆಲವರು ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಗೆ ಹೋಗಿದ್ದೆವು. ನದಿಯು ಸಮುದ್ರವನ್ನು ಸೇರುವ ಜಾಗವೇ ಅಳಿವೆ. ಇಲ್ಲಿನ 4,801 ಹೆಕ್ಟೇರ್ ಪ್ರದೇಶವು 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಪ್ರಪಂಚದ ಮುಖ್ಯ ಜೌಗು ಪ್ರದೇಶಗಳನ್ನು ಕಾಪಾಡಲು 1971ರಲ್ಲಿ ಇರಾನ್ ದೇಶದ ರಾಮ್ಸಾರ್ ನಗರದಲ್ಲಿ ಒಂದು ಒಪ್ಪಂದವಾಯಿತು. ಅದರಿಂದ ಈ ಹೆಸರು ಬಂದಿದೆ.

ಮಧ್ಯಾಹ್ನ ಕಡಲ ಗಾಳಿ ಜೋರಾಯಿತು. ಬಿಸಿಲಿಗೆ ನೆಲವು ನೀರಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇರಿದಾಗ ಆ ಜಾಗಕ್ಕೆ ಸಮುದ್ರದ ಮೇಲಿನ ತಂಪು ಗಾಳಿ ನುಗ್ಗುತ್ತದೆ. ಅಂದು ಅದರ ರಭಸಕ್ಕೆ ಬೈನಾಕ್ಯುಲರ್ ಹಿಡಿದ ಕೈಯೇ ಅಲುಗಾಡುತ್ತಿತ್ತು. ಮರಳ ದಿಬ್ಬದ ಮೇಲೆ ಕಡಲಕ್ಕಿಗಳು, ಕವಲು ಬಾಲದ ರೀವಗಳು, ಪುಟ್ಟ ಪ್ಲೋವರ್‌ಗಳು ಒತ್ತೊತ್ತಾಗಿ ಕುಳಿತಿದ್ದವು. ಎಲ್ಲವೂ ಗಾಳಿ ಬರುವ ಪಡುವಣ ದಿಕ್ಕಿಗೇ ಮುಖ ಮಾಡಿದ್ದವು!

ಹೀಗೇಕೆ? ಹಕ್ಕಿಯ ಗರಿಗಳು ತಲೆಯಿಂದ ಬಾಲದ ಕಡೆಗೆ ಬಾಗಿರುತ್ತವೆ. ಗಾಳಿ ಎದುರಿನಿಂದ ಬಂದರೆ ಅವು ಮೈಗೆ ಅಂಟಿಕೊಂಡಿರುತ್ತವೆ. ಹಿಂದಿನಿಂದ ಬಂದರೆ ಕೆದರುತ್ತವೆ. ಅಲ್ಲದೆ ಗಾಳಿಗೆ ಎದುರಾಗಿ ಮೇಲೇಳುವುದು ಸುಲಭ. ವಿಮಾನವೂ ಹಾಗೆಯೇ ಏರುತ್ತದೆ.

ಅಷ್ಟರಲ್ಲಿ ಕೆಲವರು ಮೊಬೈಲಿನಲ್ಲಿ ಚಿತ್ರ ತೆಗೆಯಲು ಕೂಗುತ್ತ ಓಡಿ ಬಂದರು. ಹಿಂಡು ಎದ್ದಿತು. ಗಾಳಿಯೊಂದಿಗೆ ಸೆಣಸಾಡಿ ಮತ್ತೆ ಇಳಿಯಿತು. ಅವರು ಮತ್ತೆ ಓಡಿದರು. ಹೀಗೆ ಮೂರು ಸಲ.

"ಹಾರುವುದೇ ಹಕ್ಕಿಯ ಕೆಲಸ, ಒಂದು ಸಲ ಹಾರಿದರೆ ಏನು ನಷ್ಟ?" ಎಂದು ನೀವು ಕೇಳಬಹುದು. ಯೋಚಿಸಿ. ಈ ಹಕ್ಕಿಗಳಲ್ಲಿ ಅನೇಕವು ಸೈಬೀರಿಯ, ಮಧ್ಯ ಏಷ್ಯಾಗಳಿಂದ ಬಂದ ಚಳಿಗಾಲದ ಅತಿಥಿಗಳು. ಪ್ಲೋವರಿನಂಥವು ಕೆಸರಿನಲ್ಲಿರುವ ಹುಳು, ಏಡಿ, ಚಿಪ್ಪುಜೀವಿಗಳನ್ನು ತಿನ್ನುತ್ತವೆ. ಇಳಿತದ ವೇಳೆ ಕೆಸರು ತೆರೆದುಕೊಂಡಾಗ ಮಾತ್ರ ಅವಕ್ಕೆ ಊಟ. ಉಬ್ಬರದಲ್ಲಿ ಕೆಸರು ಮುಳುಗಿರುತ್ತದೆ. ಆಗ ಅವು ಸುಮ್ಮನೆ ಕುಳಿತು ಶಕ್ತಿಯನ್ನು ಉಳಿಸಿಕೊಳ್ಳುತ್ತವೆ. ಮರಳಿ ಹೋಗುವ ಪ್ರಯಾಣಕ್ಕೆ ಮೈಯಲ್ಲಿ ಕೂಡಿಟ್ಟ ಕೊಬ್ಬೇ ಇಂಧನ. 2022ರಲ್ಲಿ ಸುಮಾರು ಐದು ತಿಂಗಳ ವಯಸ್ಸಿನ ಒಂದು ಗಾಡ್‌ವಿಟ್ ಹಕ್ಕಿ ಅಲಾಸ್ಕದಿಂದ ಆಸ್ಟ್ರೇಲಿಯದ ಟಾಸ್ಮೇನಿಯಕ್ಕೆ 11 ದಿನ ಎಲ್ಲಿಯೂ ಇಳಿಯದೆ ಸುಮಾರು 13,560 ಕಿ.ಮೀ. ಹಾರಿತು. ಇಂಥ ಹಾರಾಟಕ್ಕೆ ಕೂಡಿಟ್ಟ ಇಂಧನವನ್ನು ನಮ್ಮ ಮೋಜಿಗಾಗಿ ಖರ್ಚು ಮಾಡಿಸುವುದು ನ್ಯಾಯವೇ?

ಹಾಗಾದರೆ ಅಳಿವೆಗೆ ಯಾರೂ ಹೋಗಬಾರದೇ? ಹಾಗಲ್ಲ. ಸಂಜೆ ನೀರು ಇಳಿದಾಗ ಊರಿನವರು ಬಳಚು ಆರಿಸಲು ಕೆಸರಿಗಿಳಿದರು. ಅವರು ಬಾಗಿ, ನಿಧಾನವಾಗಿ ನಡೆಯುತ್ತಿದ್ದರು. ಸ್ವಲ್ಪ ದೂರದಲ್ಲಿ ಹಕ್ಕಿಗಳೂ ತಮ್ಮ ಪಾಡಿಗೆ ಮೇಯುತ್ತಿದ್ದವು.

ಮರುದಿನ ಹೊನ್ನಾವರದ ಬಳಿ ಶರಾವತಿಯ ಅಳಿವೆಗೆ ಹೋದೆವು. ಅಲ್ಲಿ ಕಾಂಡ್ಲಾ ಗಿಡಗಳ ನಡುವೆ ಮರದ ಹಲಗೆಯ ಕಾಲುದಾರಿ ಇದೆ. ಹೊರಗೆ ಗಾಳಿ ಭೋರೆನ್ನುತ್ತಿದ್ದರೂ ಗಿಡಗಳ ಮರೆಯಲ್ಲಿ ಎಲೆ ಮಾತ್ರ ಅಲುಗುತ್ತಿತ್ತು. ಮಾತಾಡದೆ ಒಂದು ಕಡೆ ಕುಳಿತೆವು. ಸ್ವಲ್ಪ ಹೊತ್ತಿನಲ್ಲೇ ಒಂದು ಮಿಂಚುಳ್ಳಿ ಹತ್ತಿರದ ಕೊಂಬೆಗೆ ಬಂದು ಕುಳಿತು, ನಮ್ಮ ಕಣ್ಣೆದುರೇ ಮೀನು ಹಿಡಿಯಿತು. ಓಡಿ ಹೋಗಿದ್ದರೆ ಅದು ನಮಗೆ ಕಾಣುತ್ತಿತ್ತೇ?

ನಿಮ್ಮ ಊರಿನ ಕೆರೆಯ ಬಳಿ ನೀವೂ ಹೀಗೆ ಮಾಡಿ. ದೊಡ್ಡವರ ಜೊತೆ ಹೋಗಿ ದೂರದಲ್ಲೇ ಕುಳಿತುಕೊಳ್ಳಿ. ಕೋಲಿನ ತುದಿಗೆ ದಾರ ಕಟ್ಟಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಹಕ್ಕಿಗಳು ಯಾವ ಕಡೆಗೆ ಮುಖ ಮಾಡಿವೆ ಎಂದು ಬರೆದುಕೊಳ್ಳಿ. ಅವು ಮೇಯುವುದನ್ನು ಬಿಟ್ಟು ಕತ್ತೆತ್ತಿ ನಿಮ್ಮನ್ನೇ ನೋಡಿದರೆ, ನೀವು ತೀರ ಹತ್ತಿರ ಬಂದಿದ್ದೀರಿ ಎಂದರ್ಥ. ಸದ್ದಿಲ್ಲದೆ ಹಿಂದೆ ಸರಿಯಿರಿ. ಗೆಳೆಯ ಕಲ್ಲು ಎತ್ತಿಕೊಂಡರೆ ಅವನಿಗೂ ಈ ಕಾರಣವನ್ನು ಹೇಳಿ.