ಕಟ್ಟಿದವನ ಹೆಸರೆಲ್ಲಿ?

ನಮ್ಮೂರಿನ ಸರ್ಕಾರಿ ಉರ್ದು ಶಾಲೆಯ ಹೊಸ ಕೊಠಡಿಗಳ ಗೋಡೆಯಲ್ಲಿ ಒಂದು ಕರಿಕಲ್ಲಿದೆ. ಉದ್ಘಾಟಿಸಿದ ಸಚಿವರು, ಅಧ್ಯಕ್ಷತೆ ವಹಿಸಿದ ಶಾಸಕರು, ಇಂಜಿನಿಯರು, ಕೊನೆಯಲ್ಲಿ ಗುತ್ತಿಗೆದಾರರು. ಆ ಗುತ್ತಿಗೆದಾರರನ್ನು ಉದ್ಘಾಟನೆಯ ದಿನದ ಹೊರತು ನಾವ್ಯಾರೂ ಅಲ್ಲಿ ಕಂಡವರಲ್ಲ. ಪಾಯ ತೆಗೆದದ್ದು, ಕಬ್ಬಿಣ ಕಟ್ಟಿದ್ದು, ತಾರಸಿ ಹಾಕಿದ್ದು ನಮ್ಮ ಮೊಹಲ್ಲಾದ ಒಬ್ಬ ಮೇಸ್ತ್ರಿ ಮತ್ತು ಅವರ ಜೊತೆಯ ಭೋವಿ ಹುಡುಗರು. ತಾರಸಿಗೆ ನೀರು ಕಟ್ಟಲು ರಾತ್ರಿ ಎದ್ದು ಬರುತ್ತಿದ್ದವರೂ ಅವರೇ.

ಮುಂದೆ ಆ ಮೇಸ್ತ್ರಿ ಸಾಲ ಸೋಲ ಮಾಡಿ ತಮ್ಮದೇ ಲೈಸೆನ್ಸ್ ಪಡೆದು ಟೆಂಡರಿಗೆ ಹೋದರು. ಲಕೋಟೆಯ ಬೆಲೆ ತೆರೆಯುವ ಮೊದಲೇ ಹೊರಬಿದ್ದರು. ಕಾರಣ, ‘ಮುಖ್ಯ ಗುತ್ತಿಗೆದಾರ’ರಾಗಿ ಇಂಥ ಕೆಲಸ ಮುಗಿಸಿದ ಪ್ರಮಾಣಪತ್ರ ಇಲ್ಲ! ಇಪ್ಪತ್ತೈದು ವರ್ಷ ಕಟ್ಟಿದ್ದೆಲ್ಲ ತುಂಡು ಗುತ್ತಿಗೆ. ಕಾಗದದ ಲೆಕ್ಕದಲ್ಲಿ ಅವರು ಒಂದು ಇಟ್ಟಿಗೆಯನ್ನೂ ಇಟ್ಟಿಲ್ಲ.

ಇದೊಂದು ಗುಮಾಸ್ತನ ಹಠವಲ್ಲ, ನಿಯಮವೇ ಹೀಗಿದೆ. 1999ರ ಪಾರದರ್ಶಕತೆ ಕಾಯಿದೆಯಡಿ ನಡೆಯುವ ಸ್ವಲ್ಪ ದೊಡ್ಡ ಕಾಮಗಾರಿಗಳ ಟೆಂಡರಿನಲ್ಲಿ ವಹಿವಾಟಿನ ಮೊತ್ತ ಕೇಳುತ್ತಾರೆ, ಅಂಥದೇ ಕೆಲಸವನ್ನು ಮುಖ್ಯ ಗುತ್ತಿಗೆದಾರನಾಗಿ ಮುಗಿಸಿದ ದಾಖಲೆ ಕೇಳುತ್ತಾರೆ. ಕರಣೆ ಹಿಡಿಯಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಗೋಲಗುಮ್ಮಟವನ್ನು ಕಟ್ಟಿದನೆನ್ನಲಾಗುವ ದಾಬೋಲದ ಯಾಕೂತನನ್ನು ಇಂದು ಕರೆತಂದರೆ, ಇದಕ್ಕೆ ಮೊದಲು ಇಷ್ಟೇ ದೊಡ್ಡ ಗುಮ್ಮಟ ಕಟ್ಟಿದ್ದಕ್ಕೆ ರುಜುವಾತು ಎಲ್ಲಿ ಎಂದು ಬಾಗಿಲಿನಿಂದಲೇ ವಾಪಸು ಕಳಿಸುತ್ತಿದ್ದರು.

2025ರ ಮಾರ್ಚ್‌ನಲ್ಲಿ ವಿಧಾನಸಭೆ ಈ ಕಾಯಿದೆಗೆ ತಿದ್ದುಪಡಿ ತಂದು, 2 ಕೋಟಿ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪ್ರವರ್ಗ 2ಬಿಗೆ, ಅಂದರೆ ಮುಸ್ಲಿಮರಿಗೆ, ಶೇ. 4 ಮೀಸಲಾತಿ ಎಂದಿತು. ಸದನದಲ್ಲಿ ಕಾಗದ ಹರಿದು ಎಸೆದರು; ಏಪ್ರಿಲ್‌ನಲ್ಲಿ ರಾಜ್ಯಪಾಲರು ಮಸೂದೆಯನ್ನು ರಾಷ್ಟ್ರಪತಿಗಳಿಗೆ ಕಾಯ್ದಿರಿಸಿದರು. ಹಿಂದುಳಿದಿರುವಿಕೆಯ ಆಧಾರದ ಮೇಲೆ 1995ರಲ್ಲೇ ರೂಪಿಸಿದ ಪ್ರವರ್ಗವನ್ನು ‘ಧರ್ಮದ ಗುತ್ತಿಗೆ’ ಎಂದು ಹೀಯಾಳಿಸಿದವರಿಗೆ ಉತ್ತರ ಕೊಡಬೇಕಾದ್ದೇ, ಕೊಡೋಣ. ಆದರೆ ನಮ್ಮೊಳಗೂ ಒಂದು ಮಾತು ಕೇಳಿಕೊಳ್ಳಬೇಕಲ್ಲವೇ? ಆ ಶೇ. 4 ನಾಳೆ ಬಂದರೂ ಯಾರ ಮನೆ ಬಾಗಿಲಿಗೆ ಬರುತ್ತದೆ? ಆಗಲೇ ಲೈಸೆನ್ಸು, ವಹಿವಾಟು, ಬ್ಯಾಂಕಿನ ಆಸ್ತಿ ದೃಢೀಕರಣ ಇರುವ ಕೆಲವು ಸಾಹುಕಾರರ ಬಾಗಿಲಿಗೆ. ಮಸೂದೆ ಅಂಗೀಕಾರವಾದ ಸುದ್ದಿಗೆ ಮಿಠಾಯಿ ಹಂಚಿದವರಲ್ಲಿ ಮೇಸ್ತ್ರಿಗಳು ನಮಗಂತೂ ಕಾಣಲಿಲ್ಲ.

ಪರಿಶಿಷ್ಟರಿಗೆ 2017ರಿಂದ ಈ ಮೀಸಲಾತಿ ಇದೆ. ಅಲ್ಲಿಯೂ ಹೆಸರು ಒಬ್ಬನದು, ಹಣ ಇನ್ನೊಬ್ಬನದು ಎಂಬ ದೂರು ಕೇಳದ ಊರು ಯಾವುದು? ಲೈಸೆನ್ಸನ್ನು ಬಾಡಿಗೆ ಕೊಟ್ಟವನನ್ನು ಬೈಯುವುದು ಸುಲಭ. ಮುಂಗಡ ಠೇವಣಿಗೆ ಹಣವಿಲ್ಲದೆ, ಬಿಲ್ಲು ಬರುವವರೆಗೆ ಸಿಮೆಂಟಿಗೆ ಸಾಲ ಸಿಗದೆ ಅವನು ಇನ್ನೇನು ಮಾಡಬೇಕಿತ್ತು ಎಂದು ಮಾತ್ರ ಕೇಳುವುದಿಲ್ಲ.

ನಿಯಮ ಸಡಿಲಿಸಿದರೆ ಕಟ್ಟಡಗಳು ಬೀಳುತ್ತವೆ ಎಂದು ಹೆದರಿಸುವವರಿದ್ದಾರೆ. 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಆ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಮಾಲೀಕರಿದ್ದರು, ಇಂಜಿನಿಯರಿದ್ದರು. ಓದು ಬಾರದ ಮೇಸ್ತ್ರಿಯಿಂದಲೇ ಕಟ್ಟಡ ಬೀಳುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತೋ! ನಾವು ಪರೀಕ್ಷೆ ಬೇಡ ಎನ್ನುತ್ತಿಲ್ಲ. ಪರೀಕ್ಷಿಸುವುದಾದರೆ ಕೈಯನ್ನು ಪರೀಕ್ಷಿಸಿ, ಪಾಸ್‌ಬುಕ್ಕನ್ನಲ್ಲ ಎನ್ನುತ್ತಿದ್ದೇವೆ.

ಪ್ರತಿ ಸರ್ಕಾರಿ ಕಾಮಗಾರಿಗೂ ಇಂಜಿನಿಯರು ಅಳತೆ ಪುಸ್ತಕ ಬರೆಯುತ್ತಾರೆ. ಇಷ್ಟು ಘನಮೀಟರ್ ಕಾಂಕ್ರೀಟು, ಇಷ್ಟು ಚದರ ಮೀಟರ್ ಗಿಲಾವು. ಅದೇ ಪುಟದಲ್ಲಿ ಇದನ್ನು ಮಾಡಿದ ಮೇಸ್ತ್ರಿ ಯಾರು ಎಂದೂ ಬರೆಯಲಿ. ಐದು ವರ್ಷ ಹಾಗೆ ದಾಖಲಾದ ತುಂಡು ಗುತ್ತಿಗೆಯನ್ನು ಟೆಂಡರಿನಲ್ಲಿ ಅನುಭವವೆಂದು ಒಪ್ಪಲಿ, ಚಿಕ್ಕ ಕಾಮಗಾರಿಗಳಿಗೆ ಠೇವಣಿ ಬಿಡಲಿ. ಇದಕ್ಕೆ ರಾಷ್ಟ್ರಪತಿಗಳ ಅಂಕಿತಕ್ಕೆ ಕಾಯಬೇಕಿಲ್ಲ, ಸರ್ಕಾರದ ಒಂದು ಆದೇಶ ಸಾಕು. ನಮ್ಮ ಸಂಘಟನೆಗಳು ಮುಂದಿನ ಮನವಿಪತ್ರ ಹಿಡಿದು ವಿಧಾನಸೌಧಕ್ಕೆ ಹೋಗುವಾಗ ಸಾಹುಕಾರರ ಜೊತೆ ಆ ಶಾಲೆಯ ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಲಿ. ಈಗ ಅವರು ಇನ್ನೊಬ್ಬರ ಲೈಸೆನ್ಸಿನಲ್ಲಿ ಊರಾಚೆಯ ಅಂಗನವಾಡಿ ಕಟ್ಟುತ್ತಿದ್ದಾರೆ.